ಬಾಲ ಬಂದ ಅಕ್ಟೋಬರ್

ವರ್ಷಕ್ಕೊಮ್ಮೆ, ಚಳಿ ಶುರುವಾಗಿ ಮನೆಯ ಹೀಟರನ್ನು ಮೊದಲ ಸಲ ಹಾಕುತ್ತೇವಲ್ಲ, ಆಗ ನೆಲದಂಚಿನ ಜಾಲರಿಯಿಂದ ಒಂದು ವಾಸನೆ ಬರುತ್ತದೆ. ಬೇಸಿಗೆಯಿಡೀ ಕೊಳವೆಯೊಳಗೆ ಕೂತ ಧೂಳು ಸುಡುವ ವಾಸನೆ. ನನ್ನ ಗಂಡನಿಗೆ ಅದು ಆಗಿಬರುವುದಿಲ್ಲ, ಕಿಟಕಿ ತೆರೆದು ಮೂಗು ಮುಚ್ಚಿಕೊಳ್ಳುತ್ತಾನೆ. ಈ ಸಲ ನ್ಯೂಮಾರ್ಕೆಟ್ ಎಂಬ ಊರಿನ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಾಗ ನಾನು ಬದನೇಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದು ಕರ್ರಗಾಗುವವರೆಗೂ ಒಬ್ಬಳೇ ನಗುತ್ತ ನಿಂತಿದ್ದೆನಂತೆ. ಒಶಾವಾ ಊರಿನಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟು, ಹಾಸಿಗೆ ತುಂಬ ಕತ್ತರಿಸಿ ಹಾಕಿದ ಹಳೇ ಲೆಗ್ಗಿಂಗ್ಸು, ಅದರ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗುವ ಗೆಳತಿ ಸುಪ್ರಿಯಾ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದಿದ್ದವು.

ಅದು 2017ರ ಶರತ್ಕಾಲ. ನಾನು ಧಾರವಾಡದಿಂದ ಈ ದೂರದ ಚಳಿದೇಶಕ್ಕೆ ಬಂದು ಇನ್ನೂ ಒಂದು ಚಳಿಗಾಲ ಕಂಡಿರಲಿಲ್ಲ. ಕಾಲೇಜಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಂಡು ಕಲಿಸುವ ಕೋರ್ಸು ಮಾಡುತ್ತಿದ್ದೆ. ಅದರ ಜೊತೆಗೆ ವಾರದಲ್ಲಿ ಕೆಲವು ದಿನ ಒಂದು ಡೇಕೇರಿನಲ್ಲಿ ಕೆಲಸ ಮಾಡಬೇಕು, ಅಲ್ಲಿಯ ಟೀಚರು ಒಪ್ಪಿದರೆ ಮಾತ್ರ ಪಾಸು. ನನ್ನ ಟೀಚರ ಹೆಸರು ಕ್ಯಾರಲ್. ಅರವತ್ತರ ಹತ್ತಿರದ ಹೆಂಗಸು, ಬಿಳೀ ಗಿಡ್ಡ ಕೂದಲು, ನೆಲಕ್ಕೆ ಕೂತು ಏಳುವಾಗ ಮೊಣಕಾಲು ಲಟಕ್ ಎನ್ನುತ್ತಿತ್ತು. ಮಕ್ಕಳು ಆ ಸದ್ದಿಗೇ ಕಾಯುತ್ತಿದ್ದವು.

ಶಿವಲೀಲಾ ಎನ್ನುವ ನನ್ನ ಹೆಸರು ಅಲ್ಲಿ ಮಿಸ್ ಲೀಲಾ ಆಯಿತು. ಹೆಸರು ಅರ್ಧವಾದದ್ದಕ್ಕೆ ಬೇಸರವಿರಲಿಲ್ಲ, ಧ್ವನಿ ಅರ್ಧವಾಗಿತ್ತಲ್ಲ, ಅದು ಬೇಸರ. ಊರಲ್ಲಿ ನಾನು ಗಟ್ಟಿ ಬಾಯಿಯವಳು. ಓಣಿಯ ಕೊನೆಗೆ ಹೋದ ಸೊಪ್ಪಿನ ಗಾಡಿಯನ್ನು ಮಾಳಿಗೆಯ ಮೇಲಿಂದ ಒಂದೇ ಕೂಗಿಗೆ ನಿಲ್ಲಿಸಿದವಳು. ಇಲ್ಲಿ ಇಂಗ್ಲಿಷ್ ತಪ್ಪಾದೀತು ಎಂಬ ಹೆದರಿಕೆಗೆ ಮಾತು ಗಂಟಲಲ್ಲೇ ಸಣ್ಣಗಾಗಿ, ನೂಲಿನಂತೆ ಹೊರಗೆ ಬರುತ್ತಿತ್ತು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಓದುವಾಗ ಹಿಂದಿನ ಸಾಲಿನವು ಎದ್ದು ಹೋಗಿ ಆಟಿಕೆ ಹುಡುಕುತ್ತಿದ್ದವು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಕ್ಯಾರಲ್ ಒಂದು ದಿನ ನನ್ನನ್ನು ಪುಟ್ಟ ಕುರ್ಚಿಯ ಮೇಲೆ ಕೂರಿಸಿ, ತಾನೂ ಒಂದು ಪುಟ್ಟ ಕುರ್ಚಿ ಎಳೆದುಕೊಂಡಳು.

"ಲೀಲಾ, ಮಕ್ಕಳಿಗೆ ನೀನೆಂದರೆ ಇಷ್ಟ. ನಿನ್ನ ಕೈಯಲ್ಲಿ ತಾಳ್ಮೆಯಿದೆ. ಆದರೆ ಪಕ್ಕದಲ್ಲಿ ನಿಂತ ನನಗೇ ನಿನ್ನ ಮಾತು ಕೇಳಿಸುವುದಿಲ್ಲ. ನಾಳೆ ಒಂದು ಮಗು ರಸ್ತೆಗೆ ಓಡಿದರೆ ನೀನು ಹೇಗೆ ನಿಲ್ಲಿಸುತ್ತೀ? ಅದು ಗೊತ್ತಾಗುವವರೆಗೆ ನಿನ್ನನ್ನು ಪಾಸು ಮಾಡಲಾರೆ."

ಗದರಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ನೋವಾಯಿತು.

ಆ ಕ್ಲಾಸಿನಲ್ಲಿ ನನ್ನಷ್ಟೇ ಸಣ್ಣ ಧ್ವನಿಯ ಇನ್ನೊಬ್ಬಳಿದ್ದಳು. ನೋರಾ. ಮೂರೂವರೆ ವರ್ಷ, ಗೋಧಿ ಬಣ್ಣದ ಕೂದಲು, ಯಾವಾಗಲೂ ಒಂದು ಕಾಲುಚೀಲ ಜಾರಿರುತ್ತಿತ್ತು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಉದ್ದ ಹಗ್ಗವೊಂದರ ಕುಣಿಕೆಗಳನ್ನು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದೆವು. ನೋರಾ ಒಂದು ಕೈಯಲ್ಲಿ ಕುಣಿಕೆ ಹಿಡಿದು, ಇನ್ನೊಂದರಲ್ಲಿ ನನ್ನ ಕೆಂಪು ಶಾಲಿನ ತುದಿ ಹಿಡಿಯುತ್ತಿದ್ದಳು. ಬಿಡು ಎಂದರೆ ಬಿಡುತ್ತಿರಲಿಲ್ಲ. ಕೆರೆಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿದ್ದ ಒಂದು ದಿನ ನನಗೇ ಗೊತ್ತಿಲ್ಲದಂತೆ ಕನ್ನಡ ಬಾಯಿಗೆ ಬಂತು.

"ಏನವಾ, ನೀ ನನ್ನ ಬಾಲಂಗೋಚಿನ ಆಗಿಬಿಟ್ಟಿಯಲ್ಲ!"

ಅವಳು ಮುಖ ಮೇಲೆತ್ತಿದಳು. "ಬಾಲಂಗೂಚಿ ಅಂದರೇನು?"

ಗಾಳಿಪಟದ ಬಾಲ ಎಂದೆ. ನಮ್ಮೂರಲ್ಲಿ ಹಳೇ ಸೀರೆ ಹರಿದು ಕಟ್ಟುತ್ತೇವೆ, ಅದಿಲ್ಲದಿದ್ದರೆ ಪಟ ಗಾಳಿಯಲ್ಲಿ ಗಿರಗಿರ ತಿರುಗಿ ಬೀಳುತ್ತದೆ, ಅದಿದ್ದರೆ ನೆಟ್ಟಗೆ ನಿಲ್ಲುತ್ತದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಶಾಲಿನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

ಅಕ್ಟೋಬರ್ ಬಂತು. ಮೇಪಲ್ ಮರಗಳಿಗೆ ಅರಿಸಿನ ಕುಂಕುಮ ಎರಚಿದಂತಾಯಿತು. ಮನೆಮನೆಯ ಮುಂದೆ ಕುಂಬಳಕಾಯಿ, ಪೊದೆಗಳ ಮೇಲೆ ಹತ್ತಿಯ ಜೇಡರಬಲೆ, ಹುಲ್ಲಿನ ಮೇಲೆ ಪ್ಲಾಸ್ಟಿಕ್ಕಿನ ಗೋರಿಕಲ್ಲು. ಅಕ್ಟೋಬರ್ ಕೊನೆಯ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬವನ್ನು ನಾನು ಅಲ್ಲಿಯವರೆಗೆ ಕಂಡವಳಲ್ಲ. ಅವ್ವನಿಗೆ ಫೋನಿನಲ್ಲಿ ಗೋರಿಯ ಫೋಟೋ ಕಳಿಸಿದರೆ, "ದೀಪಾವಳಿ ಮುಂದ ಇಟ್ಕೊಂಡು ಇದೇನ್ ಅಪಶಕುನವಾ, ಅಂಥಾದ್ದರ ಹತ್ತಿರ ಹೋಗಬ್ಯಾಡ," ಅಂದಳು. ಹೋಗದೆ ವಿಧಿಯಿರಲಿಲ್ಲ. ನಮ್ಮ ಡೇಕೇರಿನ ಮಕ್ಕಳು ಆ ದಿನ ವೇಷ ಹಾಕಿಕೊಂಡು ಹತ್ತಿರದ ವೃದ್ಧಾಶ್ರಮಕ್ಕೆ ಮೆರವಣಿಗೆ ಹೋಗುವ ರೂಢಿಯಿತ್ತು. ಮಕ್ಕಳೇ ಕೈಯಾರೆ ಮಾಡಿ ತೊಡುವಂಥದ್ದು ಏನಾದರೂ ಕಲಿಸು ಎಂದು ಕ್ಯಾರಲ್ ನನಗೆ ವಹಿಸಿದಳು.

ಎಲ್ಲ ಮಕ್ಕಳೂ ಕುಣಿಯುತ್ತಿದ್ದರೆ ನೋರಾ ಮಾತ್ರ ದಿನಾ ಬೆಳಿಗ್ಗೆ ಬಾಗಿಲಲ್ಲೇ ಅಳತೊಡಗಿದಳು. ಅವಳ ತಾಯಿಗೆ ಆಸ್ಪತ್ರೆಯಲ್ಲಿ ಶಿಫ್ಟು, ಆದ್ದರಿಂದ ಬಿಟ್ಟು ಹೋಗಲು ಬರುತ್ತಿದ್ದವನು ತಂದೆ ಡ್ಯಾನ್. ಕಾರು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಎತ್ತರದ ಆಳು, ಮಗಳ ಜಾಕೆಟ್ಟಿನ ಜಿಪ್ಪು ತೆಗೆಯಲು ಎರಡು ಮೊಣಕಾಲೂರಿ ಕೂರುತ್ತಿದ್ದ.

"ತಪ್ಪು ನನ್ನದೇ," ಎಂದು ಒಂದು ಬೆಳಿಗ್ಗೆ ಹೇಳಿದ. "ಹೋದ ವರ್ಷ ತಮಾಷೆಗೆ ತೋಳದ ಮುಖವಾಡ ಹಾಕಿಕೊಂಡು ಬಾಗಿಲು ತೆರೆದೆ. ಒಳಗಿರುವವನು ನಾನೇ ಎಂದು ಇವಳಿಗೆ ತಿಳಿಯಲಿಲ್ಲ. ಆಮೇಲೆ ಎಷ್ಟೋ ದಿನ ನನ್ನ ಹತ್ತಿರ ಬರುವ ಮುಂಚೆ ಕೆನ್ನೆ ಮುಟ್ಟಿ ನೋಡುತ್ತಿದ್ದಳು." ಮಗಳ ಜಾರಿದ ಕಾಲುಚೀಲ ಮೇಲೆಳೆಯುತ್ತ, "ನನ್ನಪ್ಪ ನನ್ನ ಕೈ ಹಿಡಿದು ನಮ್ಮ ಬೀದಿಯ ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದ. ನಾನೂ ಇವಳ ಜೊತೆ ಹೋಗಬೇಕು. ಒಂದೇ ಒಂದು ಮನೆಗಾದರೂ ಸಾಕು," ಎಂದ.

ನಾನು ನೋರಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಮೊದಲು ಕಾಗದದ ತಟ್ಟೆಗಳಿಂದ ಮುಖವಾಡ ಮಾಡಿಸಿದೆ. ಕಣ್ಣಿಗೆ ತೂತು, ಉಣ್ಣೆಯ ಮೀಸೆ, ಹಿಡಿಯಲು ಒಂದು ಕಡ್ಡಿ. ಒಂದು ಮಗು ಅದನ್ನು ಮುಖಕ್ಕೆ ಹಿಡಿದದ್ದೇ ತಡ, ನೋರಾ ಮೇಜಿನ ಕೆಳಗೆ ಸೇರಿಕೊಂಡಳು. ಮರುದಿನ ಮುಖವಾಡ ಬಿಟ್ಟು ಕಿವಿ ಅಂಟಿಸಿದ ತಲೆಪಟ್ಟಿ ಮಾಡಿಸಿದೆ. ಅದು ತನ್ನ ತಲೆಗೆ ಬರುತ್ತಿದೆ ಎಂದು ಗೊತ್ತಾದೊಡನೆ ಮತ್ತೆ ಮೇಜಿನ ಕೆಳಗೆ. ಈ ಸಲ ನಾನೂ ಒಳಗೆ ತೂರಿದೆ. ಒಣಗಿದ ಪ್ಲೇ-ಡೋ ಹಿಟ್ಟಿನ ತುಂಡುಗಳ ನಡುವೆ ಇಬ್ಬರೂ ಮೊಣಕಾಲು ಕಟ್ಟಿಕೊಂಡು ಕೂತೆವು.

"ನೋರಾ, ಮುಖಕ್ಕೆ ಬೇಡ. ತಲೆಗೆ ಬೇಡ. ಮತ್ತೆ ನಿನಗೆ ಏನು ಬೇಕು?"

ಹೊರಗೆ ಕ್ಯಾರಲ್‌ಳ ಮೊಣಕಾಲು ಲಟಕ್ ಎಂದು ಮಕ್ಕಳು ಚಪ್ಪಾಳೆ ತಟ್ಟಿದವು. ನೋರಾ ನನ್ನ ಕಿವಿಗೆ ಬಾಯಿ ತಂದು ಹೇಳಿದಳು:

"ಬಾಲಂಗೂಚಿ."

ಆ ಸಂಜೆ ಬೇಸ್‌ಮೆಂಟಿನಲ್ಲಿ ಹೀಟರು ಮೊದಲ ಸಲ ಹೊತ್ತಿಕೊಂಡಿತ್ತು. ಅದೇ ಸುಟ್ಟ ಧೂಳಿನ ವಾಸನೆ. ನಾನು ಹಾಸಿಗೆಯ ಮೇಲೆ ಕತ್ತರಿ ಹಿಡಿದು ಕೂತಿದ್ದಾಗ ಸುಪ್ರಿಯಾ ಕಾಫಿ ಅಂಗಡಿಯ ಶಿಫ್ಟು ಮುಗಿಸಿ ಬಂದಳು. ನನ್ನ ರೂಮ್‌ಮೇಟು, ಪುತ್ತೂರಿನವಳು. ಮೈಯೆಲ್ಲ ಡೋನಟ್ಟಿನ ಸಕ್ಕರೆ ಘಮ.

"ಎಂತ ಮಾರಾಯ್ತಿ, ಅದು ನನ್ನ ಲೆಗ್ಗಿಂಗ್ಸ್ ಅಲ್ವಾ?"

"ಹರದದ್ದವಾ ಅದು. ನೋಡಿಲ್ಲೆ, ಎಷ್ಟು ದೊಡ್ಡ ತೂತೈತಿ."

"ತೂತಿದ್ರೆ ಎಂತ, ಪ್ಯಾಂಟಿನ ಒಳಗೆ ಹಾಕ್ಲಿಕ್ಕೆ ಆಗ್ತಿತ್ತು. ಎಂತ ಮಾಡ್ತಿದ್ದೀ ಅದ್ರಲ್ಲಿ?"

"ಬಾಲ."

ಅವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಳು. "ಯಾರಿಗೆ?"

"ಮೂರೂವರಿ ವರ್ಷದ ಹುಡಿಗಿಗೆ."

"ಮಂಗಂದಾ, ಬೆಕ್ಕಿಂದಾ?"

"ಗಾಳಿಪಟದ್ದು."

ಅವಳು ಬ್ಯಾಗು ಬಿಸಾಕಿ ನಗತೊಡಗಿದವಳು ನಗುತ್ತಲೇ ನನ್ನೆದುರು ಕೂತು ಪಟ್ಟಿಗಳ ಒಂದು ತುದಿ ಹಿಡಿದುಕೊಂಡಳು. ನನ್ನ ಹಳೆಯ ಕೆಂಪು ಟೀಶರ್ಟು, ಅವಳ ಕಪ್ಪು ಲೆಗ್ಗಿಂಗ್ಸು, ಒಂದು ಹಳದಿ ದಿಂಬಿನ ಚೀಲ. ಮೂರನ್ನೂ ಪಟ್ಟಿ ಕತ್ತರಿಸಿ ಜಡೆ ಹೆಣೆದಂತೆ ಹೆಣೆದೆ. ತಂಗಿಯರಿಗೆ ಶಾಲೆಗೆ ಹೋಗುವಾಗ ಹೆಣೆದ ಕೈ, ಕಣ್ಣು ಮುಚ್ಚಿದರೂ ನಡೆಯುತ್ತದೆ. ತುದಿಗೆ ಬಣ್ಣದ ಚಿಂದಿಗಳ ಗೊಂಡೆ. ಸೊಂಟಕ್ಕೆ ಕಟ್ಟಲು ಒಂದು ಪಟ್ಟಿ.

ಮರುದಿನ ಅದನ್ನು ನೋರಾಳ ಸೊಂಟಕ್ಕೆ ಕಟ್ಟಿದಾಗ ಅವಳು ಮೊದಲು ಅಲುಗಾಡಲಿಲ್ಲ. ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿದಳು. ಬಾಲ ಕಾಣಲಿಲ್ಲ. ಇನ್ನಷ್ಟು ತಿರುಗಿದಳು. ಬಾಲವೂ ತಿರುಗಿತು. ತನ್ನದೇ ಬಾಲ ಹಿಡಿಯಲು ನಾಯಿಮರಿಯಂತೆ ಗಿರಗಿರ ಸುತ್ತಿ, ತಲೆ ತಿರುಗಿ, ಕಂಬಳಿಯ ಮೇಲೆ ಬಿದ್ದು ಜೋರಾಗಿ ನಕ್ಕಳು. ಅವಳ ನಗುವನ್ನು ಅಷ್ಟು ಜೋರಾಗಿ ನಾವು ಯಾರೂ ಕೇಳಿರಲಿಲ್ಲ.

ಐದು ನಿಮಿಷದಲ್ಲಿ ಇಡೀ ಕ್ಲಾಸು ನನ್ನನ್ನು ಮುತ್ತಿಕೊಂಡಿತು. ನನಗೂ ಬಾಲ, ನನಗೂ ಬಾಲ. ಒಬ್ಬನಿಗೆ ಡೈನೋಸಾರಿನದು, ಒಬ್ಬಳಿಗೆ ನರಿಯದು, ಇನ್ನೊಬ್ಬನಿಗೆ ಬಸ್ಸಿನ ಬಾಲ. ಬಸ್ಸಿಗೆ ಬಾಲವಿಲ್ಲಪ್ಪ ಎಂದರೆ ಕೆಳತುಟಿ ಉಬ್ಬಿಸಿ ನಿಂತ. ಕ್ಯಾರಲ್ ನೋರಾಳ ಬಾಲವನ್ನು ಬಿಚ್ಚಿ, ಎಳೆದು, ಅಳತೆ ನೋಡಿದಳು.

"ಮೊಣಕಾಲಿಗಿಂತ ಕೆಳಗೆ ಬರಬಾರದು, ಎಡವುತ್ತಾರೆ. ಗಂಟು ಬೇಡ. ಯಾರಾದರೂ ಎಳೆದರೆ ತಾನಾಗಿ ಕಳಚಿಕೊಳ್ಳಬೇಕು. ಇಷ್ಟು ಮಾಡು, ಎಲ್ಲರಿಗೂ ಮಾಡಿಸೋಣ." ಬಾಗಿಲವರೆಗೆ ಹೋದವಳು ತಿರುಗಿ, "ಬಾಲ ತುಂಬ ಚೆನ್ನಾಗಿದೆ ಲೀಲಾ. ನಿನ್ನ ಧ್ವನಿಗೆ ನಾನಿನ್ನೂ ಕಾಯುತ್ತಿದ್ದೇನೆ," ಎಂದಳು.

ಭಾನುವಾರ ನಾನೂ ಸುಪ್ರಿಯಾಳೂ ಹಳೇ ಬಟ್ಟೆಯ ಅಂಗಡಿಗೆ ಹೋಗಿ ಸ್ವೆಟರು, ಸ್ಟಾಕಿಂಗ್ಸು, ಮಿಂಚುವ ಪರದೆ, ಸಿಕ್ಕಿದ್ದೆಲ್ಲ ತುಂಬಿಕೊಂಡು ಬಸ್ಸಿನಲ್ಲಿ ಎರಡು ಸೀಟು ಹಿಡಿದು ಬಂದೆವು. ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ನಮ್ಮ ನಗು ಮೇಲಿನವರೆಗೂ ಕೇಳಿಸಿರಬೇಕು. ಮನೆಯೊಡತಿ ಪಮ್ಮಿ ಆಂಟಿ ಮೆಟ್ಟಿಲಿಳಿದು ಬಂದರು. ಪಂಜಾಬಿನವರು, ಬಾಡಿಗೆಯ ವಿಷಯ ಬಿಟ್ಟರೆ ಬಹಳ ಮೆತ್ತಗಿನ ಮನಸ್ಸು.

"ಅರೇ ಬೇಟಾ, ಇದೇನು, ಹಾವು ಸಾಕುತ್ತಿದ್ದೀರಾ?" ಎಂದರು ಹಿಂದಿಯಲ್ಲಿ.

ವಿಷಯ ಕೇಳಿದವರು ಮೇಲೆ ಹೋಗಿ ಜರಿಯಂಚಿನ ಹಳೇ ದುಪಟ್ಟಾಗಳನ್ನೂ ಹೊಲಿಗೆ ಮೆಷಿನ್ನನ್ನೂ ತಂದರು. ಸೊಂಟಪಟ್ಟಿಗೆ ವೆಲ್ಕ್ರೋ ಹೊಲಿಯುವ ಕೆಲಸ ಅವರದಾಯಿತು. ಡೈನೋಸಾರಿನ ಬೆನ್ನಿನ ಮುಳ್ಳುಗಳನ್ನು ಸುಪ್ರಿಯಾ ದಪ್ಪ ಬಟ್ಟೆಯಲ್ಲಿ ತ್ರಿಕೋನ ತ್ರಿಕೋನ ಕತ್ತರಿಸಿದಳು. ಬಸ್ಸಿನ ಬಾಲ ಹೇಗಿರಬೇಕೆಂದು ಮೂವರೂ ಚಹಾ ಕುಡಿಯುತ್ತ ಚರ್ಚೆ ಮಾಡಿದೆವು. ಕೊನೆಗೆ ಬೂದು ಬಣ್ಣದ ಕಾಲುಚೀಲದಲ್ಲಿ ಹತ್ತಿ ತುಂಬಿ, ಅದು ಬಸ್ಸು ಬಿಡುವ ಹೊಗೆ ಎಂದು ತೀರ್ಮಾನವಾಯಿತು. "ಫಸ್ಟ್ ಕ್ಲಾಸ್!" ಎಂದು ಆಂಟಿ ತಾವೇ ಅದನ್ನು ಸೊಂಟಕ್ಕೆ ಅಂಟಿಸಿಕೊಂಡು ಭಾಂಗ್ರಾದ ನಾಲ್ಕು ಹೆಜ್ಜೆ ಹಾಕಿದರು.

ಉಳಿದ ಕೆಲಸ ಮಕ್ಕಳದೇ. ದಪ್ಪ ಪಟ್ಟಿಗಳನ್ನು ಕುರ್ಚಿಯ ಬೆನ್ನಿಗೆ ಕಟ್ಟಿಕೊಟ್ಟೆ, ಅವರು ಸೊಟ್ಟಂಬಟ್ಟ ಹೆಣೆದರು, ಬಣ್ಣ ಬಳಿದರು, ಗುಂಡಿ ಅಂಟಿಸಿದರು. ವೆಲ್ಕ್ರೋ ಸದ್ದು ಅವರಿಗೆ ಹೊಸ ಆಟವಾಯಿತು. ಒಬ್ಬರ ಬಾಲ ಒಬ್ಬರು ಚರ್ರೆಂದು ಕಿತ್ತು ಓಡುವುದು, ಮತ್ತೆ ಅಂಟಿಸಿಕೊಳ್ಳುವುದು. ಆ ವಾರ ಮಧ್ಯಾಹ್ನ ಮಲಗಿದಾಗಲೂ ಬಾಲ ತೆಗೆಯಲು ಯಾರೂ ಒಪ್ಪಲಿಲ್ಲ.

ಹ್ಯಾಲೋವೀನ್ ದಿನ ಮೈ ನಡುಗಿಸುವ ಚಳಿಗಾಳಿ. ರಸ್ತೆಯಂಚಿಗೆಲ್ಲ ಒದ್ದೆ ಎಲೆ. ಈ ದೇಶದಲ್ಲಿ ವೇಷದ ದೊಡ್ಡ ಶತ್ರು ಚಳಿಗಾಲದ ಜಾಕೆಟ್ಟು ಎಂದು ನನಗೆ ಅಂದು ತಿಳಿಯಿತು. ಪಕ್ಕದ ಕ್ಲಾಸಿನ ರಾಜಕುಮಾರಿಯರೂ ಜೇನುಹುಳುಗಳೂ ಉಬ್ಬಿದ ಜಾಕೆಟ್ಟಿನೊಳಗೆ ಕಾಣೆಯಾದವು. ನಮ್ಮ ಮಕ್ಕಳು ಬಾಲವನ್ನು ಜಾಕೆಟ್ಟಿನ ಮೇಲೆಯೇ ಅಂಟಿಸಿಕೊಂಡರು. ಹಗ್ಗ ಹಿಡಿದು ಸಾಲಾಗಿ ಹೊರಟ ಆ ಬಾಲಗಳನ್ನು ಕಂಡು ಕಾರಿನವರು ಹಾರ್ನ್ ಮಾಡಿ ಕೈ ಬೀಸಿದರು. ನನಗೂ ಒಂದು ನೀಲಿ ಬಾಲವಿತ್ತು. ನೋರಾ ನನ್ನ ಶಾಲು ಬಿಟ್ಟು ಅದನ್ನೇ ಹಿಡಿದಿದ್ದಳು.

ವೃದ್ಧಾಶ್ರಮದ ಹಜಾರದಲ್ಲಿ ಅಜ್ಜ ಅಜ್ಜಿಯರು ಗಾಲಿಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಮಕ್ಕಳ ಕೈಗೆ ಸ್ಟಿಕ್ಕರ್ ಕೊಡುತ್ತ, ಬಾಲ ಮುಟ್ಟಿ ನೋಡುತ್ತ, ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು, ತಲೆಬುರುಡೆಯ ಮುಖವಾಡ ಹಾಕಿದ ಕೆಲಸದ ಹುಡುಗನೊಬ್ಬ ಎರಡೂ ಕೈ ಎತ್ತಿ "ಬೂ!" ಎಂದು ಹೊರಗೆ ಹಾರಿದ.

ಮಕ್ಕಳು ಕಿರುಚಿ ನಕ್ಕರು. ನನ್ನ ಬಾಲ ಚರ್ರೆಂದು ಕಿತ್ತು ಬಂತು. ತಿರುಗಿ ನೋಡಿದರೆ ನೋರಾ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮುಂಬಾಗಿಲಿನ ಕಡೆ ಓಡುತ್ತಿದ್ದಳು. ಆ ಗಾಜಿನ ಬಾಗಿಲು ಹತ್ತಿರ ಹೋದರೆ ತಾನಾಗಿ ಸರಿಯುವಂಥದು. ಸರಿಯಿತು. ಅದರಾಚೆ ಕಾರುಗಳು ಬಂದು ಹೋಗುವ ಜಾಗ.

"ನೋರಾ! ನಿಂದ್ರ! ಅಲ್ಲೇ ನಿಂದ್ರ!"

ಅದು ನನ್ನದೇ ಧ್ವನಿ. ಮಾಳಿಗೆಯ ಮೇಲಿನದು. ಹಜಾರದ ಗೋಡೆಗೆ ಬಡಿದು ವಾಪಸು ನನ್ನ ಕಿವಿಗೇ ಬಂತು. ನೋರಾ ಹೊಸ್ತಿಲ ಕಾಲೊರಸಿನ ಮೇಲೆ ಗಕ್ಕನೆ ನಿಂತಳು. ಅವಳೊಬ್ಬಳೇ ಅಲ್ಲ, ಎಲ್ಲರೂ ನಿಂತರು. ಸ್ಟಿಕ್ಕರ್ ಕೊಡುತ್ತಿದ್ದ ಅಜ್ಜನ ಕೈ ಗಾಳಿಯಲ್ಲೇ ನಿಂತಿತು. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಹಾಗೇ ತಿರುಗಿ ಆ ತಲೆಬುರುಡೆಗೆ ಬೆರಳು ಮಾಡಿದೆ.

"ಏ ತಮ್ಮಾ, ಮಾರಿ ಮ್ಯಾಲಿಂದ ತಗಿಯೋ ಅದನ್ನ ಮೊದಲ!"

ಆ ಹುಡುಗನಿಗೆ ಕನ್ನಡ ಎಲ್ಲಿಂದ ಬರಬೇಕು. ಆದರೂ ತಕ್ಷಣ ತೆಗೆದ. ಒಳಗಿದ್ದದ್ದು ಮೊಡವೆ ಮುಖದ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಪೋರ. ಕಿವಿ ಕೆಂಪಾಗಿತ್ತು. ಸಾರಿ, ಸಾರಿ ಎನ್ನುತ್ತಿದ್ದ. ನೋರಾ ನನ್ನ ಹೆಗಲಿನ ಮೇಲಿಂದ ಅವನನ್ನು ಬಹಳ ಹೊತ್ತು ನೋಡಿದಳು. ನಂತರ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು:

"ಪಾಪ, ಅವನಿಗೆ ಬಾಲವೇ ಇಲ್ಲ."

ಎಲ್ಲರೂ ನಕ್ಕುಬಿಟ್ಟರು. ನನ್ನ ಚೀಲದಲ್ಲಿ ಹೆಚ್ಚಿಗೆ ಮಾಡಿದ ಬಾಲಗಳಿದ್ದವು. ನೋರಾ ನನ್ನ ತೋಳಿನಿಂದ ಇಳಿಯಲಿಲ್ಲ, ಆದರೆ ಒಂದು ಬಾಲ ಆರಿಸಿ, ಕೈ ಚಾಚಿ ಅವನಿಗೆ ಕೊಟ್ಟಳು. ಅವನು ಅದನ್ನು ಅಂಟಿಸಿಕೊಂಡು ಸೊಂಟ ಆಡಿಸಿದ. ಅದನ್ನು ನೋಡಿ ಒಬ್ಬ ಅಜ್ಜಿ, ನನಗೂ ಒಂದು ಕೊಡಿ, ಕುರ್ಚಿಗೆ ಕಟ್ಟಿ ಎಂದರು. ನಾವು ಹೊರಡುವಷ್ಟರಲ್ಲಿ ನನ್ನ ಚೀಲ ಖಾಲಿಯಾಗಿತ್ತು, ಹಜಾರದ ಗಾಲಿಕುರ್ಚಿಗಳ ಹಿಂದೆ ಬಣ್ಣಬಣ್ಣದ ಬಾಲ ತೂಗುತ್ತಿದ್ದವು.

ವಾಪಸು ಬರುವಾಗ ಕ್ಯಾರಲ್ ನನ್ನ ಪಕ್ಕದಲ್ಲಿ ನಡೆದಳು.

"ಅದು ಯಾವ ಭಾಷೆ?"

"ಕನ್ನಡ."

"ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ನಾನೂ ನಿಂತುಬಿಟ್ಟೆ, ಗೊತ್ತಾ?" ಎಂದು ನಕ್ಕಳು. "ಇನ್ನು ಆ ಧ್ವನಿಯಲ್ಲಿ ಕಥೆ ಓದು. ಇಂಗ್ಲಿಷ್ ತಪ್ಪಿದರೆ ತಪ್ಪಲಿ, ಅವರಿಗೇನು ಗೊತ್ತಾಗುತ್ತದೆ, ಮೂರು ವರ್ಷದವರು. ನಿನ್ನ ಪಾಸಿನ ಚಿಂತೆ ಬಿಡು."

ಸಂಜೆ ಡ್ಯಾನ್ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವನ ಮುಖ ಬಾಡಿತು. "ಹಾಗಾದರೆ ಇವತ್ತು ಬೇಡ," ಎಂದು ತನಗೇ ಹೇಳಿಕೊಂಡಂತೆ ಹೇಳಿ ಮಗಳನ್ನು ಎತ್ತಿಕೊಂಡು ಹೋದ. ನಾನು ಪಮ್ಮಿ ಆಂಟಿಯ ಮನೆಯ ಮೆಟ್ಟಿಲ ಮೇಲೆ ಸುಪ್ರಿಯಾಳ ಜೊತೆ ಕೂತು ಬಂದ ಮಕ್ಕಳಿಗೆ ಚಾಕಲೇಟು ಹಂಚಿದೆ. ಪ್ರತಿ ಪುಟ್ಟ ವೇಷ ಬಂದಾಗಲೂ ನೋರಾ ಈಗ ಎಲ್ಲಿರಬಹುದು ಎನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಚುರುಕು ಬಿಸಿಲು. ಡ್ಯಾನ್ ಬಾಗಿಲಲ್ಲೇ ನನ್ನನ್ನು ಹಿಡಿದ. ಅವನಿಗೆ ಹೇಳಲು ಎಷ್ಟು ಅವಸರವಿತ್ತೆಂದರೆ ಮಗಳ ಜಿಪ್ಪು ತೆಗೆಯುವುದನ್ನೂ ಮರೆತಿದ್ದ.

"ಊಟ ಆದ ಮೇಲೆ ಇವಳೇ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಳು! ಪಕ್ಕದ ಮನೆಗೆ ಹೋದೆವು. ಗಂಟೆ ಒತ್ತಿದೆ. ಒಳಗಿನಿಂದ ಹೆಜ್ಜೆ ಸದ್ದು ಬಂದದ್ದೇ ತಡ, ಇವಳು ಬಾಗಿಲಿಗೆ ಬೆನ್ನು ಮಾಡಿ ನಿಂತುಬಿಟ್ಟಳು. ಬಾಲ ಅವರ ಕಡೆಗೆ, ಮುಖ ನನ್ನ ಕಡೆಗೆ. ಚೀಲ ಮಾತ್ರ ಹಿಂದಕ್ಕೆ ಚಾಚಿದ್ದಾಳೆ! ಅವರು ಎಂಥ ಮುಖವಾಡ ಹಾಕಿದ್ದರೂ ಇವಳಿಗೆ ಕಾಣುವುದೇ ಇಲ್ಲ."

"ಒಂದೇ ಮನೆಗೆ ಹೋದಿರಾ?"

"ಒಂದೇ ಮನೆಯೇ? ಇಡೀ ಬೀದಿ! ಮನೆಮನೆಗೂ ಬೆನ್ನು. ಜನ ಒಳಗಿದ್ದವರನ್ನೆಲ್ಲ ಕರೆದು ತೋರಿಸಿದರು. ಕೊನೆಯ ಮನೆಯ ಹೆಂಗಸು ದೊಡ್ಡ ಮೂಗಿನ ಮಾಟಗಾತಿಯ ಮುಖವಾಡ ಹಾಕಿಕೊಂಡಿದ್ದಳು. ಚೀಲಕ್ಕೆ ಚಾಕಲೇಟು ಬಿತ್ತು. ಇವಳು ಮೆಲ್ಲಗೆ ತಿರುಗಿದಳು. ಆ ಮೂಗನ್ನು ನೇರವಾಗಿ ನೋಡಿ ಏನು ಕೇಳಿದಳು ಗೊತ್ತಾ? ಇನ್ನೊಂದು ಕೊಡ್ತೀಯಾ, ಅಂತ!"

ಅವನು ನಗುತ್ತ ನಗುತ್ತ ಅಂಗೈಯಿಂದ ಕಣ್ಣೊರೆಸಿಕೊಂಡ. ಗಡಿಯಾರ ನೋಡಿ, ಶಿಫ್ಟಿಗೆ ತಡವಾಯಿತೆಂದು ಮಗಳ ಹಣೆಗೆ ಮುತ್ತಿಟ್ಟು ದಡದಡ ಹೊರಗೆ ಓಡಿದ. ನಾನೂ ನೋರಾಳೂ ಕಿಟಕಿಯ ಬಳಿ ನಿಂತು ನೋಡಿದೆವು. ಅವನ ಕಾರ್ಖಾನೆಯ ಜಾಕೆಟ್ಟಿನ ಹಿಂದೆ, ಹಸಿರು ಮುಳ್ಳಿನ ಡೈನೋಸಾರಿನ ಬಾಲವೊಂದು ಅತ್ತಿತ್ತ ತೂಗುತ್ತಿತ್ತು. ಅವನು ಮುತ್ತಿಡಲು ಬಗ್ಗಿದಾಗ ಯಾರು ಅಂಟಿಸಿದರೋ.

ನಾನು ಕಿಟಕಿ ತಟ್ಟಲು ಕೈ ಎತ್ತಿದೆ. ನೋರಾ ನನ್ನ ಕೈ ಹಿಡಿದಳು. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ಕಣ್ಣರಳಿಸಿ, ಶ್ಶ್ ಎಂದಳು.